ಸಾರು ಅದೇ ಇರಲಿ, ಒಗ್ಗರಣೆ ಬದಲಾಗಲಿ

ಪ್ರಶ್ನೆ: ನಾನು ದಾವಣಗೆರೆಯವಳು, ಕೆಲಸಕ್ಕೆ ಹೋಗುತ್ತೇನೆ. ಮನೆಯಲ್ಲಿ ಐದು ಜನ. ಮಧ್ಯಾಹ್ನಕ್ಕೆ ಅನ್ನ, ತೊಗರಿಬೇಳೆ ಸಾರು, ಒಂದು ಪಲ್ಯ. ರಾತ್ರಿ ರೊಟ್ಟಿ ಇಲ್ಲವೇ ಚಪಾತಿ. ವರ್ಷಗಳಿಂದ ಇದೇ ನಡೆದಿದೆ. ಮಕ್ಕಳು ತಟ್ಟೆ ನೋಡಿದ ಕೂಡಲೇ "ಇವತ್ತೂ ಇದೇನಾ" ಅನ್ನುತ್ತಾರೆ. ಮೊಬೈಲ್ ನೋಡಿ ಹೊಸ ಅಡುಗೆ ಮಾಡೋಣ ಅಂದರೆ ಹತ್ತು ಸಾಮಾನು ಬೇಕು, ಅತ್ತೆಯವರು ಮುಟ್ಟುವುದಿಲ್ಲ, ಮಿಕ್ಕ ಸಾಸ್ ಬಾಟಲಿಗಳು ಫ್ರಿಜ್ಜಿನಲ್ಲಿ ಸಾಲಾಗಿ ಕೂತಿವೆ. ದಿನದ ಅಡುಗೆಯಲ್ಲೇ, ಜಾಸ್ತಿ ಹೊತ್ತು ಹಿಡಿಯದ ಹಾಗೆ, ಸ್ವಲ್ಪ ಧೈರ್ಯ ಮಾಡಿ ಏನಾದರೂ ಹೊಸದು ತರಬಹುದೇ? ಯಾವ ಸಾಮಾನು ತಂದಿಟ್ಟುಕೊಳ್ಳಲಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಊಟದಲ್ಲಿ ಕೊರತೆ ಏನೂ ಇಲ್ಲ. ಬೇಳೆ, ತರಕಾರಿ, ಅನ್ನ, ಜೋಳದ ರೊಟ್ಟಿ, ಇದಕ್ಕಿಂತ ಒಳ್ಳೆಯ ದಿನದೂಟ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಇದನ್ನು ತೆಗೆದು ಬೇರೇನನ್ನೋ ತರುವ ಯೋಚನೆ ಬೇಡ. ಒಂದು ತಿಂಗಳು ಹೊಸ ಅಡುಗೆ ಯಾವುದನ್ನೂ ಕಲಿಯಬೇಡಿ. ನೀವು ಮಾಡುವ ಸಾರು, ಪಲ್ಯವನ್ನೇ ಮಾಡಿ. ಅದರಲ್ಲಿ ಒಂದೇ ಒಂದನ್ನು ಬದಲಿಸಿ. ಅದನ್ನೂ ಆದಷ್ಟು ಕೊನೆಯಲ್ಲಿ, ಒಲೆ ಆರಿಸುವ ಹೊತ್ತಿಗೆ.

ಕೊನೆಯಲ್ಲೇ ಯಾಕೆ ಅಂದರೆ, ನಾವು ರುಚಿ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದು. ನೆಗಡಿ ಬಂದಾಗ ಊಟ ಸಪ್ಪೆ ಅನ್ನಿಸುವುದು ಅದಕ್ಕೇ. ಮಸಾಲೆಯ ಪರಿಮಳ ಬಹಳ ಬೇಗ ಹಾರಿಹೋಗುವಂಥದ್ದು. ಕುದಿಯುವ ಸಾರಿಗೆ ಮೊದಲೇ ಹಾಕಿದರೆ ಅದರಲ್ಲಿ ಬಹುಪಾಲು ಆವಿಯ ಜೊತೆ ಅಡುಗೆಮನೆ ತುಂಬುತ್ತದೆ, ತಟ್ಟೆಗೆ ಬರುವಾಗ ಉಳಿಯುವುದು ಕಮ್ಮಿ. ಕೊನೆಯಲ್ಲಿ ಬಿದ್ದದ್ದು ನೇರವಾಗಿ ಉಣ್ಣುವವರ ಮೂಗಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಇದರಿಂದ ಇನ್ನೂ ಒಂದು ಉಪಕಾರ ಇದೆ. ಅತ್ತೆಯವರ ಪಾಲನ್ನು ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ಹೊಸ ಒಗ್ಗರಣೆ ಹಾಕಬಹುದು. ಎರಡು ಅಡುಗೆ ಮಾಡಬೇಕಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ.

ಅತ್ತೆಯವರ ಬಗ್ಗೆ ಇನ್ನೊಂದು ಮಾತು. ಅವರು ಮುಟ್ಟದೇ ಇರುವುದನ್ನು ಹಟ ಅಂದುಕೊಳ್ಳಬೇಡಿ. ಗುರುತು ಸಿಗದ ವಾಸನೆ ಬಂದರೆ ಕೈ ಹಿಂದೆ ಹೋಗುವುದು ಸಹಜ, ಅದು ಮಕ್ಕಳಲ್ಲೂ ಉಂಟು. ಹಾಗಂತ ನಮ್ಮ ಹಿರಿಯರು ಹೊಸದನ್ನು ಒಲ್ಲೆ ಅಂದವರೂ ಅಲ್ಲ. ಮೆಣಸಿನಕಾಯಿ ಈ ನೆಲದ್ದಲ್ಲ, ದೂರದ ಅಮೆರಿಕ ಖಂಡದ್ದು. 1498ರಲ್ಲಿ ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದ ಮೇಲೆ, ಅವರ ವ್ಯಾಪಾರದ ದಾರಿಯಲ್ಲಿ ಇಲ್ಲಿಗೆ ಬಂದದ್ದು. ಅದಕ್ಕೆ ಮುಂಚೆ ಖಾರಕ್ಕೆ ಕರಿಮೆಣಸು, ಶುಂಠಿ, ಹಿಪ್ಪಲಿಯೇ ಗತಿ. ಟೊಮೆಟೊ, ಆಲೂಗಡ್ಡೆ, ಶೇಂಗಾ ಕೂಡ ಅಲ್ಲಿಂದಲೇ ಬಂದವು. ಇವತ್ತು ಬ್ಯಾಡಗಿ ಮೆಣಸಿನಕಾಯಿ, ಟೊಮೆಟೊ ಇಲ್ಲದ ಸಾರನ್ನು ಯೋಚಿಸಲೂ ಆಗುವುದಿಲ್ಲ, ಅಲ್ವಾ? ಯಾರೋ ಒಬ್ಬ ಹೆಣ್ಣುಮಗಳು ಯಾವುದೋ ಕಾಲದಲ್ಲಿ ಧೈರ್ಯ ಮಾಡಿ ಅದನ್ನು ತನ್ನ ಸಾರಿಗೆ ಹಾಕಿರಲೇಬೇಕು. ನೀವು ಮಾಡಲು ಹೊರಟಿರುವುದೂ ಅದೇ ಕೆಲಸ. ಹಿಂಜರಿಯಬೇಡಿ.

ಒಗ್ಗರಣೆಯಿಂದಲೇ ಶುರು ಮಾಡೋಣ. ನಮ್ಮ ಅಡುಗೆಯಲ್ಲಿ ಅತಿ ಕಮ್ಮಿ ಹೊತ್ತು ಹಿಡಿದು ಅತಿ ದೊಡ್ಡ ಬದಲಾವಣೆ ತರುವುದು ಅದೇ. ಜೀರಿಗೆ, ಸಾಸಿವೆ, ಇಂಗು, ಕರಿಬೇವು, ಇವುಗಳ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ. ಅದಕ್ಕೇ ಬಿಸಿ ಎಣ್ಣೆಗೆ ಬಿದ್ದ ಒಂದು ಚಿಟಿಕೆ ಇಂಗು ಇಡೀ ಪಾತ್ರೆಯ ಸಾರಿಗೆ ಸಾಕಾಗುತ್ತದೆ. ಹಾಗಾದರೆ ಮೊದಲು ಬದಲಿಸಬೇಕಾದದ್ದು ಮಸಾಲೆಯನ್ನಲ್ಲ, ಎಣ್ಣೆಯನ್ನು. ಒಂದು ವಾರ ನಿಮ್ಮ ತೊವ್ವೆಗೆ ಬೇರೇನೂ ಬದಲಿಸದೆ ಇದೊಂದನ್ನು ಮಾಡಿ ನೋಡಿ: ಒಂದು ದಿನ ತುಪ್ಪ, ಒಂದು ದಿನ ಗಾಣದ ಶೇಂಗಾ ಎಣ್ಣೆ, ಒಂದು ದಿನ ಕೊಬ್ಬರಿ ಎಣ್ಣೆ, ಒಂದು ದಿನ ಎಳ್ಳೆಣ್ಣೆ. ಅದೇ ಸಾಸಿವೆ, ಅದೇ ಕರಿಬೇವು. ತುಪ್ಪ ಹಾಕಿದ್ದು ಹಬ್ಬದ ದಿನದ ತೊವ್ವೆ, ಕೊಬ್ಬರಿ ಎಣ್ಣೆ ಹಾಕಿದ್ದು ಉಡುಪಿ ಕಡೆಯ ತೊವ್ವೆ, ಶೇಂಗಾ ಎಣ್ಣೆ ಹಾಕಿದ್ದು ನಿಮ್ಮದೇ ಬಯಲುಸೀಮೆಯ ರೊಟ್ಟಿಗೆ ಹೊಂದುವ ಬೇಳೆ. ರಿಫೈನ್ಡ್ ಎಣ್ಣೆಗೆ ತನ್ನದು ಅನ್ನುವ ವಾಸನೆ ಇಲ್ಲ. ಕರಿಯುವುದಕ್ಕೆ ಅದು ಸರಿ, ಒಗ್ಗರಣೆಗೆ ಅದನ್ನು ಬಿಡಿ ಅಂತಲೇ ನಾನು ಹೇಳುತ್ತೇನೆ.

ಆಮೇಲೆ ಒಂದರ ಹಿಂದೊಂದು ಹಾಕುವ ಕ್ರಮ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಸಾಸಿವೆ ಸಿಡಿಯುವಷ್ಟರಲ್ಲಿ ಮೆಣಸಿನಕಾಯಿ ಕಪ್ಪಾಗುತ್ತದೆ, ಮೆಂತ್ಯ ಕಹಿಯಾಗುತ್ತದೆ. ಸಾಸಿವೆ ಮೊದಲು. ಅದು ಸಿಡಿದು ಸದ್ದು ಕಮ್ಮಿಯಾದಾಗ ಜೀರಿಗೆ. ಉರಿ ಆರಿಸಿ, ಎಣ್ಣೆಯ ಬಿಸಿ ಇನ್ನೂ ಇರುವಾಗ ಒಣಮೆಣಸಿನಕಾಯಿ, ಇಂಗು, ಕರಿಬೇವು. ಕರಿಬೇವಿನಲ್ಲಿ ನೀರು ಇರದ ಹಾಗೆ ಒರೆಸಿಕೊಳ್ಳಿ, ಇಲ್ಲದಿದ್ದರೆ ಕೈಗೆ ಸಿಡಿಯುತ್ತದೆ. ಸಾರಿನ ಮೇಲೆ ಸುರಿದ ಕೂಡಲೇ ಮುಚ್ಚಳ ಮುಚ್ಚಿ. ಎರಡು ನಿಮಿಷ ಹಾಗೇ ಬಿಡಿ. ಬಡಿಸುವಾಗ ತಟ್ಟೆಯ ಹತ್ತಿರವೇ ಮುಚ್ಚಳ ತೆಗೆಯಿರಿ. ಅರ್ಧ ಕೆಲಸ ಅಲ್ಲಿಗೇ ಆಯಿತು.

ಈಗ ಸ್ವಲ್ಪ ಧೈರ್ಯದ ಒಗ್ಗರಣೆಗಳು. ಎರಡು ಚಮಚ ತುಪ್ಪ ಬಿಸಿ ಮಾಡಿ, ಒಂದು ಟೀ ಚಮಚ ಕೊತ್ತಂಬರಿ ಬೀಜವನ್ನು ತರಿತರಿಯಾಗಿ ಜಜ್ಜಿ ಹಾಕಿ, ಅದು ಘಂ ಅಂದಾಗ ಅರ್ಧ ಚಮಚ ಕುಟ್ಟಿದ ಕರಿಮೆಣಸು ಹಾಕಿ ಇಳಿಸಿ. ದಿನಾ ಸಾರಿನ ಪುಡಿಯಲ್ಲಿ ಕರಗಿಹೋಗುವ ಕೊತ್ತಂಬರಿ ಬೀಜ ಇಲ್ಲಿ ಹಲ್ಲಿಗೆ ಸಿಗುತ್ತದೆ. ಮಕ್ಕಳು ಇದೇನು ಅಂತ ಕೇಳುತ್ತಾರೆ ನೋಡಿ. ಬೆಳ್ಳುಳ್ಳಿ ತಿನ್ನುವವರಿಗೆ ಶೇಂಗಾ ಎಣ್ಣೆಯಲ್ಲಿ ಏಳೆಂಟು ಎಸಳು ಸಿಪ್ಪೆ ಸಮೇತ ಜಜ್ಜಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವ ತನಕ ಬಿಡಿ. ಅದಕ್ಕೆ ಉರಿ ಆರಿಸಿದ ಮೇಲೆ ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ. ಎಣ್ಣೆ ಕೆಂಪಗೆ ತಿರುಗುತ್ತದೆ. ಬ್ಯಾಡಗಿ ನಿಮ್ಮ ಪಕ್ಕದ ಹಾವೇರಿ ಜಿಲ್ಲೆಯದೇ. ಬಣ್ಣ ಜಾಸ್ತಿ, ಖಾರ ಕಮ್ಮಿ. ಭೌಗೋಳಿಕ ಗುರುತು ಸಿಕ್ಕಿರುವ ಮೆಣಸಿನಕಾಯಿ ಅದು. ಗುಂಟೂರಿನದು ಹಾಕಿದರೆ ಖಾರವೇ ಮುಂದೆ ಬಂದು ಉಳಿದದ್ದೆಲ್ಲ ಹಿಂದೆ ಸರಿಯುತ್ತದೆ. ಮಕ್ಕಳಿರುವ ಮನೆಗೆ ಬ್ಯಾಡಗಿಯೇ ಸರಿ.

ಬಂಗಾಳದವರ ಪಾಂಚ್ ಫೋಡನ್ ಅನ್ನುವ ಒಗ್ಗರಣೆ ನನಗೆ ಬಹಳ ಇಷ್ಟ. ಮೆಂತ್ಯ, ಸೋಂಪು, ಜೀರಿಗೆ, ಸಾಸಿವೆ, ಕಲೋಂಜಿ ಅನ್ನುವ ಸಣ್ಣ ಕಪ್ಪು ಬೀಜ, ಐದೂ ಇಡಿಯಾಗಿ, ಯಾವುದನ್ನೂ ಪುಡಿ ಮಾಡುವುದಿಲ್ಲ. ಸಾಸಿವೆಯ ಜಾಗದಲ್ಲಿ ಅಲ್ಲಿನ ಕೆಲವರು ರಾಧುನಿ ಅನ್ನುವ ಬೀಜ ಹಾಕುತ್ತಾರೆ, ಅದು ನಮ್ಮಲ್ಲಿ ಸಿಗುವುದು ಕಷ್ಟ. ಐದರಲ್ಲಿ ನಾಲ್ಕು ನಿಮ್ಮ ಮಸಾಲೆ ಡಬ್ಬಿಯಲ್ಲಿ ಈಗಲೇ ಇವೆ. ಕಲೋಂಜಿ ಒಂದನ್ನು ತಂದರೆ ಆಯಿತು. ಮೆಂತ್ಯ ಮಾತ್ರ ಉಳಿದವಕ್ಕಿಂತ ಅರ್ಧದಷ್ಟು ಇರಲಿ. ಸಿಹಿಗುಂಬಳದ ಪಲ್ಯಕ್ಕೆ ಇದನ್ನು ಹಾಕಿ. ತರಕಾರಿ ನಿಮ್ಮದೇ, ಬಾಣಲೆ ನಿಮ್ಮದೇ, ಪರಿಮಳ ಮಾತ್ರ ಸುಮಾರು ಸಾವಿರ ಮೈಲಿ ದೂರದ್ದು.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಹೊಸದು ಅಂದ ಕೂಡಲೇ ಎಲ್ಲದಕ್ಕೂ ಗರಂ ಮಸಾಲೆ ಉದುರಿಸುವ ಅಭ್ಯಾಸ ಬಂದಿದೆ. ಬೀನ್ಸಿಗೂ ಅದೇ, ಆಲೂಗಡ್ಡೆಗೂ ಅದೇ, ಕಾಳಿಗೂ ಅದೇ. ಕೊನೆಗೆ ಎಲ್ಲ ಪಲ್ಯಕ್ಕೂ ಒಂದೇ ವಾಸನೆ. ಹೊಸತನಕ್ಕೆ ಇದರಷ್ಟು ದೊಡ್ಡ ಅಡ್ಡಿ ಇನ್ನೊಂದಿಲ್ಲ. ಪ್ಯಾಕೆಟ್ ಮಸಾಲೆಗಳಿಗೂ ಇದೇ ಮಾತು.

ಎರಡನೆಯದು ಹುಳಿ. ನನ್ನ ಕೇಳಿದರೆ ನಮ್ಮ ನಾಡಿನ ಅಡುಗೆಯ ಅತಿ ದೊಡ್ಡ ಆಸ್ತಿ ಇದು, ನಾವು ಬಳಸುವುದು ಅದರಲ್ಲಿ ಒಂದು ಮೂಲೆಯನ್ನು ಮಾತ್ರ. ಬಯಲುಸೀಮೆಯ ಮನೆಗಳಲ್ಲಿ ಹುಳಿ ಅಂದರೆ ಹುಣಸೆಹಣ್ಣು, ಟೊಮೆಟೊ, ಮಜ್ಜಿಗೆ. ಘಟ್ಟದ ಕಡೆ ನೋಡಿ. ಕರಾವಳಿಯಲ್ಲಿ ಪುನರ್ಪುಳಿ ಅನ್ನುವ ಹಣ್ಣು, ಅದನ್ನೇ ಉತ್ತರ ಕನ್ನಡದಲ್ಲಿ ಮುರುಗಲು ಅನ್ನುತ್ತಾರೆ. ಕೊಡಗಿನಲ್ಲಿ ಕಾಚಂಪುಳಿ. ಮಳೆಗಾಲದಲ್ಲಿ ಅಮಟೆಕಾಯಿ. ಹಿತ್ತಿಲಲ್ಲಿ ಬಿಂಬುಳಿ. ಬೇಸಿಗೆಯಲ್ಲಿ ಹುಳಿ ಮಾವು. ಚಳಿಗಾಲದಲ್ಲಿ ನೆಲ್ಲಿಕಾಯಿ. ನಿಮ್ಮ ಕಡೆಯೇ ಸಿಗುವ ಪುಂಡಿ ಸೊಪ್ಪು ಇದೆ, ಅದರ ಹುಳಿ ಬೇಳೆಗೆ ಎಷ್ಟು ಚೆನ್ನಾಗಿ ಕೂಡುತ್ತದೆ! ಒಂದೊಂದು ಹುಳಿಯ ಸ್ವಭಾವ ಒಂದೊಂದು ತರ. ಹುಣಸೆ ಗಾಢ, ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ನಿಂಬೆ ಚುರುಕು, ಬೇಗ ಬಂದು ಬೇಗ ಹೋಗುತ್ತದೆ. ಪುನರ್ಪುಳಿಯಲ್ಲಿ ಹಣ್ಣಿನ ಕಂಪು ಇದೆ. ಕಾಚಂಪುಳಿ ಕಪ್ಪು, ತೀಕ್ಷ್ಣ, ಹನಿ ಲೆಕ್ಕದಲ್ಲಿ ಹಾಕುವಂಥದ್ದು.

ಪುನರ್ಪುಳಿ ಸಾರಿನಿಂದ ಶುರು ಮಾಡಿ, ಯಾಕೆಂದರೆ ಇದಕ್ಕೆ ಬೇಳೆಯೇ ಬೇಡ, ಕುಕ್ಕರ್ ಬೇಡ. ಒಣಗಿದ ಸಿಪ್ಪೆ ಎಂಟು ಹತ್ತು ತೊಳೆದು ಒಂದು ಲೋಟ ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕೈಯಲ್ಲಿ ಹಿಂಡಿ. ಮೂರು ಲೋಟ ನೀರು ಸೇರಿಸಿ, ಉಪ್ಪು, ನಿಂಬೆ ಗಾತ್ರದ ಬೆಲ್ಲ, ಸೀಳಿದ ಎರಡು ಹಸಿಮೆಣಸಿನಕಾಯಿ ಹಾಕಿ ಕುದಿಸಿ. ತುಪ್ಪದಲ್ಲಿ ಜೀರಿಗೆ, ಕರಿಬೇವು, ಇಂಗಿನ ಒಗ್ಗರಣೆ. ದಾಸವಾಳದ ಬಣ್ಣದ ಸಾರು. ಲೋಟದಲ್ಲಿ ಹಾಕಿ ಕುಡಿಯಲಿಕ್ಕೂ ಕೊಡಬಹುದು. ಅಂಗಡಿಯ ಸಿಪ್ಪೆಯಲ್ಲಿ ಉಪ್ಪು ಬೆರೆತಿರುವುದುಂಟು, ಹಾಗಾಗಿ ರುಚಿ ನೋಡಿ ಉಪ್ಪು ಹಾಕಿ.

ಮಾವಿನಕಾಯಿ ಸಿಗುವ ತಿಂಗಳುಗಳಲ್ಲಿ ಅಪ್ಪೆಹುಳಿ ಬಿಡಬೇಡಿ. ಮಲೆನಾಡು, ಉತ್ತರ ಕನ್ನಡದ ಮನೆಗಳ ಬೇಸಿಗೆಯ ಜೀವ ಅದು. ಒಂದು ಹುಳಿ ಮಾವಿನಕಾಯಿಯನ್ನು ಇಡಿಯಾಗಿ ಬೇಯಿಸಿ, ಕಿವುಚಿ, ಸಿಪ್ಪೆ ಗೊರಟು ತೆಗೆಯಿರಿ. ನಾಲ್ಕು ಲೋಟ ನೀರು, ಉಪ್ಪು, ಚೂರು ಬೆಲ್ಲ, ಒಂದು ಹಸಿಮೆಣಸಿನಕಾಯಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಜಾಸ್ತಿ ಇಂಗು, ಕರಿಬೇವು. ತೆಳ್ಳಗೆ ನೀರಿನ ಹಾಗೇ ಇರಬೇಕು, ಗಟ್ಟಿ ಮಾಡಿದರೆ ಅದು ಗೊಜ್ಜಾಗುತ್ತದೆ. ಮಾವು ಮುಗಿದ ಮೇಲೆ ತಂಬುಳಿ ಇದೆ: ಒಂದು ಹಿಡಿ ದೊಡ್ಡಪತ್ರೆ ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳು ಮೆಣಸು, ಎರಡು ಚಮಚ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ. ಕುದಿಸುವುದಿಲ್ಲ. ದೊಡ್ಡಪತ್ರೆ ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೆ ಬರುತ್ತದೆ. ಅತ್ತೆಯವರಿಗೆ ತಂಬುಳಿ ಹಿಡಿಸುತ್ತದೆ ಅನ್ನುವುದು ನನ್ನ ಊಹೆ. ಹೊಟ್ಟೆಗೆ ತಂಪು, ಖಾರ ಮಸಾಲೆ ಇಲ್ಲ.

ಕಾಚಂಪುಳಿ ಕೊಡಗಿನ ಪಂದಿ ಕರಿಗೆ ಹೆಸರಾದದ್ದು. ಹಣ್ಣಿನ ರಸವನ್ನು ಬಹಳ ಹೊತ್ತು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಿರುತ್ತಾರೆ. ಅದು ಮಾಂಸಕ್ಕೆ ಮಾತ್ರ ಅಂದುಕೊಳ್ಳಬೇಡಿ. ಅಣಬೆ ಪಲ್ಯಕ್ಕೆ, ಬದನೆಕಾಯಿಗೆ, ಆಲೂಗಡ್ಡೆ ಹುರಿದದ್ದಕ್ಕೆ ಕೊನೆಯಲ್ಲಿ ಕಾಲು ಟೀ ಚಮಚ ಹಾಕಿ ಕಲಸಿ ನೋಡಿ. ಒಮ್ಮೆಗೇ ಜಾಸ್ತಿ ಸುರಿದರೆ ತಿನ್ನಲು ಆಗುವುದಿಲ್ಲ.

ಹುಳಿಯ ವಿಷಯದಲ್ಲಿ ಎರಡು ನಿಯಮ ನೆನಪಿರಲಿ. ಬೇಳೆ, ಕಾಳು, ತರಕಾರಿ ಪೂರ್ತಿ ಬೆಂದ ಮೇಲೆ ಹುಳಿ. ಹುಳಿ ಮೊದಲೇ ಸೇರಿದರೆ ಬೇಳೆ ಗಟ್ಟಿಯಾಗೇ ಉಳಿಯುತ್ತದೆ, ಎಷ್ಟು ವಿಶಲ್ ಹಾಕಿದರೂ ಕರಗುವುದಿಲ್ಲ. ನಿಂಬೆರಸವಾದರೆ ಒಲೆ ಆರಿಸಿದ ಮೇಲೆಯೇ, ಕುದಿದರೆ ಅದರ ಪರಿಮಳ ಹೋಗಿ ಕಹಿ ಎದ್ದು ಕಾಣುತ್ತದೆ. ಇನ್ನು ಹುಳಿ ಅಡುಗೆಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಿ ಹಾಗೇ ಇಡಬೇಡಿ. ಸ್ಟೀಲ್, ಮಣ್ಣು, ಕಲ್ಲಿನ ಪಾತ್ರೆ ಯಾವುದೂ ಆಗುತ್ತದೆ.

ಅಮೆರಿಕದಲ್ಲಿರುವ ನಮ್ಮವರು ಈ ಹುಳಿಯ ಹುಡುಕಾಟವನ್ನು ಚೆನ್ನಾಗಿ ಮುಂದುವರಿಸಿದ್ದಾರೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ನವೆಂಬರ್ ಹೊತ್ತಿಗೆ ಅಂಗಡಿ ತುಂಬ ಕ್ರ್ಯಾನ್‌ಬೆರಿ ಬರುತ್ತದೆ. ಬಲು ಹುಳಿ, ಸ್ವಲ್ಪ ಒಗರು. ಅದರಿಂದ ಗೊಜ್ಜು, ಉಪ್ಪಿನಕಾಯಿ, ಚಿತ್ರಾನ್ನ ಎಲ್ಲ ಮಾಡುತ್ತಾರೆ. ಅದೇ ಸಾಸಿವೆ ಇಂಗಿನ ಒಗ್ಗರಣೆ, ಹಣ್ಣು ಮಾತ್ರ ಆ ನೆಲದ್ದು. ನೀವೂ ಸುತ್ತ ಕಣ್ಣಾಡಿಸಿ. ಕರಬೂಜ, ಅನಾನಸ್, ಹುಳಿ ದ್ರಾಕ್ಷಿ, ಸ್ಟಾರ್ ಹಣ್ಣು, ಯಾವುದು ಅಗ್ಗವಾಗಿ ಬಂದಿದೆಯೋ ಅದು ಗೊಜ್ಜಿಗೆ ಆಗುತ್ತದೆ.

ಮೂರನೆಯದು, ಪಲ್ಯ. ನಿಮ್ಮ ಪಲ್ಯ ಬೇಸರ ತರಿಸುತ್ತಿದ್ದರೆ ಅದಕ್ಕೆ ಕಾರಣ ಮಸಾಲೆ ಅಲ್ಲ, ನೀರು ಇರಬಹುದು. ಬೆಳಗಿನ ಅವಸರಕ್ಕೆ ಬೀನ್ಸ್, ಕೋಸು, ಕ್ಯಾರೆಟ್ ಎಲ್ಲವನ್ನೂ ಕುಕ್ಕರಿಗೆ ಹಾಕಿ ಬೇಯಿಸುವವರು ಬಹಳ ಮಂದಿ. ನೀರಿರುವ ತನಕ ಪಾತ್ರೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಕುಕ್ಕರಿನಲ್ಲಿ ಇನ್ನೊಂದಿಪ್ಪತ್ತು ಏರಬಹುದು. ತರಕಾರಿ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಕಂಪು ಬರಬೇಕಾದರೆ ಅದಕ್ಕಿಂತ ಬಹಳ ಜಾಸ್ತಿ, ಸುಮಾರು 140 ಡಿಗ್ರಿ ಬೇಕು. ರೊಟ್ಟಿಯ ಮೇಲಿನ ಕಂದು ಚುಕ್ಕೆ, ದೋಸೆಯ ಗರಿ, ಹುರಿದ ಶೇಂಗಾ, ಎಲ್ಲದರ ರುಚಿ ಹುಟ್ಟುವುದು ಆ ಬಿಸಿಯಲ್ಲಿ. ಹಾಗಾಗಿ ವಾರಕ್ಕೆ ಎರಡು ದಿನವಾದರೂ ಪಲ್ಯಕ್ಕೆ ನೀರು ಮುಟ್ಟಿಸಬೇಡಿ.

ಕಬ್ಬಿಣದ ಬಾಣಲೆ ಇಲ್ಲವೇ ರೊಟ್ಟಿ ಹಂಚನ್ನು ಚೆನ್ನಾಗಿ ಕಾಯಿಸಿ. ಒರೆಸಿ ಒಣಗಿಸಿದ ತೊಂಡೆಕಾಯಿ, ಬೆಂಡೆಕಾಯಿ, ಅಥವಾ ದೊಡ್ಡ ದೊಡ್ಡ ಹೋಳು ಮಾಡಿದ ಕೋಸನ್ನು ಒಂದೇ ಪದರವಾಗಿ ಹರಡಿ. ಗುಡ್ಡೆ ಹಾಕಿದರೆ ತರಕಾರಿ ನೀರು ಬಿಟ್ಟು ಮತ್ತೆ ಬೇಯತೊಡಗುತ್ತದೆ. ಎರಡು ಮೂರು ನಿಮಿಷ ಕೈ ಆಡಿಸಬೇಡಿ. ಇದು ಕಷ್ಟದ ಭಾಗ, ಸೌಟು ಹಿಡಿದ ಕೈ ಸುಮ್ನೆ ಇರುವುದಿಲ್ಲ. ಅಡಿ ಕಂದಾಗಲಿ, ಅಲ್ಲಲ್ಲಿ ಕಪ್ಪೂ ಆಗಲಿ. ಆಮೇಲೆ ಎಣ್ಣೆ, ಉಪ್ಪು, ತಿರುವಿ. ಕೋಸು ಹೀಗೆ ಮಾಡಿದರೆ ಅದರ ಸಿಹಿ ಹೊರಗೆ ಬರುತ್ತದೆ. ಕೋಸು ಬೇಡ ಅನ್ನುವ ಮಕ್ಕಳಿಗೆ ಬೇಡವಾದದ್ದು ಹೆಚ್ಚಿನ ಸಲ ಅತಿಯಾಗಿ ಬೆಂದ ಕೋಸಿನ ಗಂಧಕದ ವಾಸನೆ, ಕೋಸಲ್ಲ.

ಸಾರಿಗೂ ಇದೇ ಉಪಾಯ ಆಗುತ್ತದೆ. ಎರಡು ಟೊಮೆಟೊ, ಒಂದು ಈರುಳ್ಳಿಯನ್ನು ನೇರ ಉರಿಯ ಮೇಲೆ ಸಿಪ್ಪೆ ಕಪ್ಪಾಗುವ ತನಕ ಸುಟ್ಟು, ಜಜ್ಜಿ ಸಾರಿಗೆ ಹಾಕಿ. ಬದನೆಕಾಯಿ ಸುಟ್ಟು ಬಜ್ಜಿ ಮಾಡುವುದು ನಿಮಗೆ ಗೊತ್ತೇ ಇದೆ. ಅದೇ ಸುಟ್ಟ ಬದನೆಯ ತಿರುಳನ್ನು ಒಮ್ಮೆ ತೊವ್ವೆಗೆ ಕಲಸಿ ನೋಡಿ, ಹೊಗೆಯ ಕಂಪಿನ ಬೇಳೆ ರೊಟ್ಟಿಗೆ ಹೇಳಿ ಮಾಡಿಸಿದ್ದು.

ಹಸಿ ಸಾಸಿವೆಯ ವಿಷಯ ಇಲ್ಲಿ ಬರಬೇಕು. ಎಣ್ಣೆಯಲ್ಲಿ ಸಿಡಿಸಿದ ಸಾಸಿವೆಗೆ ಘಾಟು ಇಲ್ಲ, ಬರೀ ಹುರಿದ ಕಾಳಿನ ರುಚಿ. ಅದನ್ನೇ ಹಸಿಯಾಗಿ ತಣ್ಣೀರು ಹಾಕಿ ಅರೆದರೆ ಮೂಗಿಗೆ ಹತ್ತುವ ಘಾಟು. ಕಾಳು ಒಡೆದು ನೀರು ಸೇರಿದಾಗ ಅದರೊಳಗಿನ ಒಂದು ಕಿಣ್ವ ಕೆಲಸ ಮಾಡಿ ಆ ಘಾಟನ್ನು ಹುಟ್ಟಿಸುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಸತ್ತುಹೋಗುತ್ತದೆ. ಅದಕ್ಕೇ ಕರಾವಳಿಯವರು ಮಾವಿನಹಣ್ಣು, ಅನಾನಸಿನ "ಸಾಸಿವೆ" ಅನ್ನುವ ವ್ಯಂಜನ ಮಾಡುವಾಗ ಕಾಯಿತುರಿ, ಒಣಮೆಣಸಿನಕಾಯಿ, ಅರ್ಧ ಚಮಚ ಹಸಿ ಸಾಸಿವೆ ರುಬ್ಬಿ ಹಣ್ಣಿಗೆ ಕಲಸುತ್ತಾರೆ, ಕುದಿಸುವುದಿಲ್ಲ. ಸಿಹಿ, ಹುಳಿ, ಖಾರ, ಘಾಟು, ನಾಲ್ಕೂ ಒಂದೇ ತುತ್ತಿನಲ್ಲಿ. ಹತ್ತು ನಿಮಿಷದ ಕೆಲಸ. ನಿಮ್ಮ ಮಕ್ಕಳು ಇದನ್ನು ಮೊದಲ ಸಲ ತಿನ್ನುವಾಗ ನೀವು ಎದುರಿಗೆ ಕೂತಿರಿ.

ರಾತ್ರಿಯ ರೊಟ್ಟಿ ಊಟಕ್ಕೆ ನಾನು ಹೊಸದಾಗಿ ಹೇಳಬೇಕಾದದ್ದು ಕಮ್ಮಿ, ಯಾಕೆಂದರೆ ನಿಮ್ಮ ಸೀಮೆ ಆ ವಿಷಯದಲ್ಲಿ ಶ್ರೀಮಂತ. ಗುರೆಳ್ಳು, ಅಗಸಿ, ಶೇಂಗಾ ಪುಡಿಗಳು ತಟ್ಟೆಯ ಮೂಲೆಯಲ್ಲಿ ಎಣ್ಣೆ ಜೊತೆ ಕೂತೇ ಇರುತ್ತವೆ. ಅವನ್ನು ಆ ಮೂಲೆಯಿಂದ ಎಬ್ಬಿಸಿ ಅಂತ ಮಾತ್ರ ಹೇಳುತ್ತೇನೆ. ಒಂದು ಚಮಚ ಗುರೆಳ್ಳು ಪುಡಿಯನ್ನು ಹೀರೆಕಾಯಿ ಪಲ್ಯ ಇಳಿಸುವ ಮುಂಚೆ ಕಲಸಿ. ಶೇಂಗಾ ಪುಡಿಯನ್ನು ಮೊಸರಿಗೆ ಬೆರೆಸಿ, ಬೆಳ್ಳುಳ್ಳಿ ಒಗ್ಗರಣೆ ಸುರಿದು, ಸುಟ್ಟ ತರಕಾರಿಯ ಕೆಳಗೆ ಹರಡಿ. ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಸೌತೆಕಾಯಿ ಸಣ್ಣಗೆ ಹೆಚ್ಚಿ, ಪುಡಿ, ಉಪ್ಪು, ನಿಂಬೆ, ಹಸಿ ಶೇಂಗಾ ಎಣ್ಣೆ ಹಾಕಿ ಪಚಡಿ ಮಾಡಿ, ತಿನ್ನುವ ಹೊತ್ತಿಗೇ ಕಲಸಿ. ಮೊದಲೇ ಉಪ್ಪು ಹಾಕಿಟ್ಟರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಮೆತ್ತಗಿನ ಊಟದಲ್ಲಿ ಒಂದಾದರೂ ಕರುಂ ಕುರುಂ ಅನ್ನುವುದು ಇರಬೇಕು. ಮಕ್ಕಳು ಹಪ್ಪಳಕ್ಕೆ ಕಾಯುವುದು ಅದಕ್ಕೇ.

ಕ್ರಮ ಹೀಗಿರಲಿ. ಒಂದು ಊಟದಲ್ಲಿ ಒಂದೇ ಬದಲಾವಣೆ. ಎಣ್ಣೆ, ಹುಳಿ, ಮಸಾಲೆ ಮೂರನ್ನೂ ಒಂದೇ ದಿನ ಬದಲಿಸಿದರೆ, ಚೆನ್ನಾಗಿ ಬಂದರೂ ಯಾವುದರಿಂದ ಬಂತು ಅಂತ ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ. ಅನುಮಾನ ಇದ್ದರೆ ಒಂದು ಬಟ್ಟಲು ಸಾರು ಬೇರೆ ತೆಗೆದು ಅದಕ್ಕೆ ಹಾಕಿ ನೋಡಿ. ಮಗ್ಗುಲಲ್ಲಿ ತೂಗುವ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ "ಕುಂಬಳ, ಸೋಂಪು, ಹಿಡಿಸಿತು" ಅಂತ ಮೂರು ಶಬ್ದ ಗೀಚಿ. ಮಕ್ಕಳ ಕೈಗೂ ಕೆಲಸ ಕೊಡಿ. ಇವತ್ತು ತುಪ್ಪವೋ ಕೊಬ್ಬರಿ ಎಣ್ಣೆಯೋ, ನಿಂಬೆಯೋ ಪುನರ್ಪುಳಿಯೋ ಅಂತ ಅವರನ್ನೇ ಕೇಳಿ. ತಾನು ಆರಿಸಿದ್ದನ್ನು ಮಗು ಒಂದು ತುತ್ತಾದರೂ ತಿಂದು ನೋಡುತ್ತದೆ. ಮೊದಲ ಸಲ ಮುಖ ಸಿಂಡರಿಸಿದರೆ ಬಿಟ್ಟುಬಿಡಬೇಡಿ. ಹೊಸ ರುಚಿ ಮಕ್ಕಳ ನಾಲಿಗೆಗೆ ಒಗ್ಗಲು ಹಲವು ಸಲ ಬೇಕಾಗುತ್ತದೆ. ಒತ್ತಾಯ ಮಾಡದೆ, ಸ್ವಲ್ಪ ದಿನ ಬಿಟ್ಟು ಮತ್ತೆ ಇಡಿ.

ಡಬ್ಬಿಗೆ ಕಟ್ಟುವ ಊಟದಲ್ಲಿ ಮಾತ್ರ ಸ್ವಲ್ಪ ಲೆಕ್ಕಾಚಾರ ಬೇಕು. ಬಿಸಿ ಒಗ್ಗರಣೆಯ ಕಂಪು ಮಧ್ಯಾಹ್ನದ ತನಕ ನಿಲ್ಲುವುದಿಲ್ಲ. ಅಲ್ಲಿಗೆ ಹುಳಿ ಮತ್ತು ಪುಡಿಗಳೇ ಒಳ್ಳೆಯವು. ಮಾವಿನಕಾಯಿ ಚಿತ್ರಾನ್ನ, ಗುರೆಳ್ಳು ಪುಡಿ ಕಲಸಿದ ಅನ್ನ, ಹಂಚಿನಲ್ಲಿ ಹುರಿದ ತೊಂಡೆಕಾಯಿ, ಇವು ತಣ್ಣಗಾದರೂ ರುಚಿ ಬಿಡುವುದಿಲ್ಲ. ತೆಂಗಿನಕಾಯಿ ಹಸಿಯಾಗಿ ಹಾಕಿದ್ದನ್ನು ಬೇಸಿಗೆಯಲ್ಲಿ ಡಬ್ಬಿಗೆ ಹಾಕಬೇಡಿ, ಬೇಗ ಹಳಸುತ್ತದೆ.

ಕೊನೆಗೆ ಸಾಮಾನಿನ ಪ್ರಶ್ನೆ. ಸಾಸ್ ಬಾಟಲಿಗಳನ್ನು ಮತ್ತೆ ತರಬೇಡಿ. ತಿಂಗಳಿಗೆ ಒಂದೇ ಹೊಸ ಸಾಮಾನು, ಅದೂ ಸಣ್ಣ ಪೊಟ್ಟಣ. ಅದು ಖಾಲಿಯಾದ ಮೇಲೆ ಮುಂದಿನದು. ಮೊದಲ ತಿಂಗಳು ಗಾಣದ ಶೇಂಗಾ ಎಣ್ಣೆ ಅರ್ಧ ಲೀಟರ್. ಎರಡನೆಯದು ಒಣ ಪುನರ್ಪುಳಿ. ಶಿರಸಿ, ಕುಮಟಾ, ಉಡುಪಿ, ಮಂಗಳೂರು ಕಡೆಗೆ ಹೋಗುವವರಿದ್ದರೆ ಹೇಳಿ ತರಿಸಿ. ಗಾಳಿಯಾಡದ ಗಾಜಿನ ಬಾಟಲಿಯಲ್ಲಿ ಅದು ವರ್ಷ ಇರುತ್ತದೆ. ಆಮೇಲೆ ಕಲೋಂಜಿ, ನೂರು ಗ್ರಾಂ ಜಾಸ್ತಿಯೇ ಆಯಿತು. ಮಡಿಕೇರಿಯಿಂದ ಬರುವವರ ಕೈಲಿ ಒಂದು ಚಿಕ್ಕ ಬಾಟಲಿ ಕಾಚಂಪುಳಿ. ಇನ್ನೂ ಧೈರ್ಯ ಬಂದರೆ ಕರಾವಳಿಯ ಜುಮ್ಮನಕಾಯಿ ತರಿಸಿ, ಕೊಂಕಣಿ ಮನೆಗಳಲ್ಲಿ ಅದನ್ನು ತೆಫಳ ಅನ್ನುತ್ತಾರೆ. ಚೀನಾದ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸಿಗೆ ಇದು ಹತ್ತಿರದ ನೆಂಟ. ಬಂಗುಡೆ ಮೀನಿನ ಸಾರಿಗೆ ಹಾಕುವುದು ರೂಢಿ, ತರಕಾರಿಯ ಕಾಯಿಮಸಾಲೆಗೂ ಒಪ್ಪುತ್ತದೆ. ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆ ನಾಲ್ಕೈದು ಮಾತ್ರ ಜಜ್ಜಿ, ಸಾರು ಇಳಿಸುವ ಮುಂಚೆ ಹಾಕಬೇಕು. ಮಸಾಲೆ ಜೊತೆ ರುಬ್ಬಬಾರದು. ಗುರೆಳ್ಳು, ಅಗಸಿ ನಿಮ್ಮ ಊರಿನ ಸಂತೆಯಲ್ಲೇ ಸಿಗುತ್ತವೆ. ಎರಡರಲ್ಲೂ ಎಣ್ಣೆಯ ಅಂಶ ಜಾಸ್ತಿ, ಪುಡಿ ಮಾಡಿಟ್ಟರೆ ಬೇಗ ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ಕಾಳಾಗಿಯೇ ಇಟ್ಟು, ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹುರಿದು ಪುಡಿ ಮಾಡಿಕೊಳ್ಳಿ.